ತೇಗಿನ ಕೀರ್ತಿ

ಪರ್ಟನ್ ಹಿಮ್ಮಡಿಯನ್ನು ಮರಳಿಗೆ ಊರಿ ಎಳೆದ. ಆ ಕಡೆಯಿಂದ ಹಸುವೂ ಎಳೆಯಿತು. ನಡುವೆ ಚರ್ಮದ ಪಟ್ಟಿಯಂಥ ಕಡಲಪಾಚಿ ತಂಬೂರಿಯ ತಂತಿಯ ಹಾಗೆ ಬಿಗಿದು ನಿಂತಿತು. ಹಸುವಿಗೆ ನಾಲ್ಕು ಕಾಲು, ಪರ್ಟನ್‌ಗೆ ಎರಡೇ. ಅವನು ಬಿದ್ದ. ಹಸು ಅವನ ಮುಖವನ್ನೇ ನೋಡುತ್ತ ಪಾಚಿಯನ್ನು ಶ್ಯಾವಿಗೆಯಂತೆ ಒಳಗೆಳೆದುಕೊಂಡಿತು.

ಬಿರುಗಾಳಿ ಎದ್ದಾಗಲೆಲ್ಲ ಕಿಂಗ್ ದ್ವೀಪದ ದಂಡೆಗೆ ಬಂದು ಬೀಳುವ ಈ ಪಾಚಿಯೇ ಅವನ ಅನ್ನ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು, ಅಟ್ಟಣಿಗೆಗೆ ನೇತುಹಾಕಿ, ಒಣಗಿಸಿ ಕಾರ್ಖಾನೆಗೆ ಕಳಿಸಬೇಕು. ಪಕ್ಕದ ನೋಲಾಳ ಹಸುಗಳಿಗೆ ಅದೇ ಫಲಾಹಾರ. ಚಳಿಗಾಲವಿಡೀ ದೂರಿದರೂ ನೋಲಾ ಹೇಳುವುದು ಒಂದೇ: ನಿನ್ನ ಪಾಚಿಯನ್ನು ನೀನು ಕಾದುಕೋ. ಬೇಲಿ ಅವಳದು, ಹಸು ಅವಳದು, ತಪ್ಪು ಮಾತ್ರ ಇವನದು. ಎಂಥ ನ್ಯಾಯ!

ಇವತ್ತು ಇತ್ಯರ್ಥ ಮಾಡಿಯೇ ಬಿಡುತ್ತೇನೆಂದು, ಅರ್ಧ ಅಗಿದ ಪಾಚಿಯನ್ನು ಹೆಗಲಿಗೆ ಹಾಕಿಕೊಂಡು ಅವಳ ಅಂಗಳಕ್ಕೆ ನುಗ್ಗಿದರೆ ಅಲ್ಲಿ ಊರೇ ಸೇರಿತ್ತು. ಮೇಜಿನ ಮೇಲೆ ಚಹಾ, ಕೇಕು. ಮುಖ್ಯಭೂಮಿಯಿಂದ ಬಂದ ಡಾಕ್ಟರ್ ಇಮೋಜೆನ್, ಹಸುಗಳ ತೇಗು ಅಳೆಯುವ ಪೆಟ್ಟಿಗೆಯ ಪಕ್ಕ ನಿಂತು ಮಾತಾಡುತ್ತಿದ್ದಳು. ಹಸುವಿನ ತೇಗು ಭೂಮಿಯನ್ನು ಕಾಯಿಸುತ್ತದಂತೆ. ದ್ವೀಪದಲ್ಲೆಲ್ಲ ಕಡಿಮೆ ತೇಗುವುದು ನೋಲಾಳ ಹಸುಗಳಂತೆ. ತಾನು ಮೇವಿಗೆ ಬೆರೆಸಲು ಕೊಟ್ಟ ಕೆಂಪು ಕಡಲಪಾಚಿಯ ಪುಡಿಯದೇ ಈ ಮಹಿಮೆಯಂತೆ. ಜನ ಚಪ್ಪಾಳೆ ತಟ್ಟಿದರು. ನೋಲಾ ಮದುಮಗಳಂತೆ ತಲೆ ತಗ್ಗಿಸಿದಳು.

ಪರ್ಟನ್‌ಗೆ ಮೈಯೆಲ್ಲ ಉರಿದುಹೋಯಿತು. ತಿಂದದ್ದು ತನ್ನದು, ಹೊಗಳಿಕೆ ಪುಡಿಗೆ! ಹೆಗಲ ಮೇಲಿದ್ದದ್ದನ್ನು ಕೇಕಿನ ಪಕ್ಕ ದೊಪ್ಪನೆ ಹಾಕಿದ.

"ಪುಡಿಯಲ್ಲ, ನನ್ನ ಪಾಚಿ."

"ತೇಗಲ್ಲೂ ಪಾಲು ಕೇಳೋಕೆ ಬಂದ್ಯೇನೋ ಪರ್ಟನ್?" ಎಂದ ಹೋಟೆಲಿನ ಆರ್ಚಿ. ಅಂಗಳವೆಲ್ಲ ನಕ್ಕಿತು.

ಪರೀಕ್ಷೆ ಆಗಲೇಬೇಕೆಂದು ಪರ್ಟನ್ ಹಟ ಹಿಡಿದ. ಡಾಕ್ಟರು ಪುಡಿ ಬೆರೆಸಿದ ಬಕೆಟ್ಟನ್ನು ಒಂದು ಹಸುವಿನ ಮುಂದಿಟ್ಟಳು. ಅದು ಮೂಸಿತು, ಸೀನಿತು. ಡಾಕ್ಟರ ಬಿಳಿ ಕೋಟು ಓಕುಳಿಯಾಡಿದಂತಾಯಿತು. ಆಮೇಲೆ ಹಸು ಮೇಜನ್ನು ಕೆಡವಿ, ಕೇಕನ್ನು ತುಳಿದು, ಪಾಚಿಗೆ ಬಾಯಿ ಹಾಕಿತು. ಪುಡಿಯನ್ನು ಅವು ಎಂದೂ ಮುಟ್ಟಿರಲಿಲ್ಲ, ತಾನದನ್ನು ಗುಲಾಬಿ ಪಾತಿಗೆ ಸುರಿಯುತ್ತಿದ್ದೆ ಎಂದು ನೋಲಾ ಒಪ್ಪಿಕೊಳ್ಳಬೇಕಾಯಿತು.

ಗೆದ್ದವನಿಗೆ ಅಷ್ಟಕ್ಕೇ ತೃಪ್ತಿಯಿಲ್ಲ. ಒಂದು ಹಸು ಸಾಲದು, ಎಲ್ಲವೂ ಸಾಕ್ಷಿ ಹೇಳಲಿ ಎಂದು ತನ್ನ ಒಣಗಿಸುವ ಅಂಗಳದ ಬಾಗಿಲನ್ನು ತಾನೇ ತೆರೆದ. ಇಡೀ ಹಿಂಡು ಮದುವೆ ಮನೆಯ ಕೊನೆಯ ಪಂಕ್ತಿಯಂತೆ ನುಗ್ಗಿತು. ಅಟ್ಟಣಿಗೆಗಳು ಬೋಳಾಗುತ್ತ ಹೋದರೂ ಪರ್ಟನ್ "ನೋಡಿ, ನೋಡಿ" ಎನ್ನುತ್ತಲೇ ಇದ್ದ. ಡಾಕ್ಟರು ಅವನ ಕೈ ಕುಲುಕಿ, ಕೀರ್ತಿಯೆಲ್ಲ ನಿಮ್ಮದೇ ಎಂದಳು.

ಆಗ ನೋಲಾ ಬಾಯಿಬಿಟ್ಟಳು.

"ಮೊದಲೇ ಹೇಳಬಾರದಿತ್ತೇನೋ ಮಾರಾಯ? ದಂಡೇಲಿ ಬಿದ್ದಿರೋದು ಬರೀ ಕಸ ಅಂತ ನಿನ್ನ ಟ್ರ್ಯಾಕ್ಟರ್‌ನ ನನ್ನ ಹುಲ್ಲುಗಾವಲಲ್ಲಿ ಓಡಾಡೋಕೆ ಬಿಟ್ಟಿದ್ದೆ. ನಾಳೆಯಿಂದ ಗೇಟಿಗೆ ಬೀಗ. ಆ ಪಾಚಿ ನನ್ನ ಹಸುಗಳಿಗೇ ಬೇಕು."

"ದಂಡೆ ಸರ್ಕಾರದ್ದು."

"ದಂಡೆ ಸರ್ಕಾರದ್ದೇ. ಇಳಿಯೋ ದಾರಿ ನಂದು."

ದಂಡೆಯ ಎರಡೂ ಕಡೆ ಕಡಿದಾದ ಬಂಡೆ. ಬೇರೆ ದಾರಿಯೇ ಇಲ್ಲ. ಪರ್ಟನ್ ಆರ್ಚಿಯ ಕಡೆ ನೋಡಿದ. ಆರ್ಚಿ ಚಹಾದ ಬಟ್ಟಲೊಳಗೆ ಏನನ್ನೋ ಹುಡುಕುತ್ತಿದ್ದ.

ನೋಲಾಳಿಗೆ ಕನಿಕರ ಬಂತು. "ಬೇಜಾರು ಮಾಡ್ಕೋಬೇಡ. ಪಾಚಿ ಎಳೆದು ತಂದು ಹಸುಗಳಿಗೆ ಹಾಕೋಕೆ ನನಗೂ ಒಬ್ಬ ಆಳು ಬೇಕಲ್ಲ? ನೀನೇ ಬಂದ್ಬಿಡು. ಅವಕ್ಕೂ ನಿನ್ನ ಕಂಡ್ರೆ ಇಷ್ಟ."

"ಬರಲ್ಲ," ಎಂದ ಪರ್ಟನ್.