ಮಾವನನ್ನು ಕೆಲಸದಿಂದ ತೆಗೆದದ್ದು

— ನೀವೇ ಹೇಳಿ. ಅಂಗಡಿ ನಿಮ್ಮದು.

— ನೀನೇ ಹೇಳು. ಅಪ್ಪ ನಿನ್ನೋರು.

ಪರದೇಶದಲ್ಲಿದ್ದ ತಮ್ಮ ಟೈಲರ್ ಅಂಗಡಿಯ ಪರದೆಯ ಹಿಂದೆ ಗಂಡ ಹೆಂಡತಿ ಪಿಸುಗುಟ್ಟಿಕೊಂಡೇ ಜಗಳವಾಡುತ್ತಿದ್ದರು. ಪರದೆಯಾಚೆ ಹೊಲಿಗೆ ಯಂತ್ರ ಗಡಗಡನೆ ಓಡುತ್ತಿತ್ತು. ಅದನ್ನು ಓಡಿಸುತ್ತಿದ್ದ ಮಾವನವರೇ ಜಗಳದ ವಸ್ತು.

ಮೂಲ ಕಾರಣ ಮಾತ್ರ ಯಜಮಾನನ ಪ್ಯಾಂಟು. ಸ್ವಲ್ಪ ಹೊತ್ತಿನ ಹಿಂದೆ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರಮ್ಮ ತಪಾಸಣೆಗೆ ಬಂದಿದ್ದರು. ಅವರಿಗೆ ಸ್ಟೂಲು ಎಳೆದುಕೊಡಲೆಂದು ಯಜಮಾನ ಅತಿ ವಿನಯದಿಂದ ಬಗ್ಗಿದ. ಅಷ್ಟೊಂದು ವಿನಯಕ್ಕೆ ಸಾಲುವಷ್ಟು ಬಟ್ಟೆ ಪ್ಯಾಂಟಿನಲ್ಲಿರಲಿಲ್ಲ. ಹಿಂಬದಿ ಪರ್ರೆಂದಿತು. ಮಾವನವರು ತಕ್ಷಣ ಸೂಜಿದಾರ ಹಿಡಿದು ಎದ್ದು, ಅಳಿಯನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ನಿಂತ ನಿಲುವಿನಲ್ಲೇ ಹೊಲಿಯತೊಡಗಿದರು. ಇವರು ಯಾರು ಎಂದು ಇನ್ಸ್‌ಪೆಕ್ಟರಮ್ಮ ಕೇಳಿದರು. ಅಳಿಯ ಗೋಡೆಗೇ ಉತ್ತರ ಕೊಟ್ಟ: ಮಾವ, ಮಗಳನ್ನು ನೋಡಿಕೊಂಡು ಹೋಗಲು ಬಂದವರು, ಪ್ರವಾಸಿ ವೀಸಾ, ಅಂಗಡಿಯಲ್ಲಿ ಸುಮ್ಮನೆ ಕೂತಿರುತ್ತಾರೆ, ಕಡ್ಡಿ ಎತ್ತಿ ಆಚೆ ಇಡುವುದಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಮಾವನವರು ಗಂಟು ಬಿಗಿದು, ಬಗ್ಗಿ, ದಾರವನ್ನು ಹಲ್ಲಿನಿಂದ ಕಡಿದರು.

ಸಂಬಳ ಕೊಡಲಿ ಬಿಡಲಿ, ಈ ವೀಸಾದವರು ಅಂಗಡಿಯಲ್ಲಿ ದುಡಿಯುವಂತಿಲ್ಲ ಎಂದರು ಇನ್ಸ್‌ಪೆಕ್ಟರಮ್ಮ. ಬೀದಿಯ ಉಳಿದ ಅಂಗಡಿಗಳನ್ನು ನೋಡಿಕೊಂಡು ಸಂಜೆ ಮತ್ತೆ ಬರುತ್ತಾರಂತೆ. ಆಗಲೂ ಯಜಮಾನರ ಕೈಯಲ್ಲಿ ಸೂಜಿ ಕಂಡರೆ ಅಂಗಡಿಗೆ ಬೀಗ, ಹಿರಿಯರಿಗೆ ವಾಪಸ್ಸು ವಿಮಾನ. ‘ಯಜಮಾನರು’ ಎಂದದ್ದು ಮಾವನನ್ನು. ಅದೂ ಅಳಿಯನಿಗೆ ನಾಟಿತ್ತು.

— ಅಮ್ಮ ಹೋದ್ಮೇಲೆ ಅಪ್ಪ ಈಗೀಗ ನಗ್ತಿದಾರೆ ರೀ. ಆ ಮಿಷನ್ ಕಿತ್ಕೊಂಡ್ರೆ ಮತ್ತೆ ಗೋಡೆ ನೋಡ್ಕೊಂಡು ಕೂತ್ಬಿಡ್ತಾರೆ.

— ಕಿತ್ಕೊಳ್ಳದಿದ್ರೆ ವಿಮಾನದ ಕಿಟಕಿ ನೋಡ್ಕೊಂಡು ಕೂರ್ತಾರೆ ಕಣೇ.

ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡಳು. ಅದನ್ನೇ ಒಪ್ಪಿಗೆ ಎಂದುಕೊಂಡು ಯಜಮಾನ ಪರದೆ ಸರಿಸಿದ.

— ಮಾವ, ಒಂದು ಮಾತಿತ್ತು.

— ಕೋಟಿಗೆ ತೋಳು ಕೂರಿಸ್ತಿದೀನಿ. ಕೂತ ಮೇಲೆ ಹೇಳಿ.

— ತೋಳಿನ ಮಾತೇ. ನಿಮ್ಮನ್ನ ಕೆಲಸದಿಂದ ತೆಗೀಬೇಕಾಗಿದೆ.

ಯಂತ್ರ ನಿಂತಿತು. ಮಾವನವರು ಕನ್ನಡಕವನ್ನು ಹಣೆಗೇರಿಸಿದರು.

— ತೆಗೀರಿ. ಸೇರಿಸ್ಕೊಂಡಿದ್ದು ಯಾವಾಗ?

— ಸೇರಿಸ್ಕೊಂಡೇ ಇಲ್ಲ ಮಾವ.

— ಸೇರಿಸ್ಕೊಳ್ಳದೋನನ್ನ ತೆಗೆಯೋದು ಹೆಂಗೆ ಅಳಿಯಂದ್ರೆ? ಮೊದಲು ಸೇರಿಸ್ಕೊಳ್ಳಿ, ಆಮೇಲೆ ಮರ್ಯಾದೆಯಾಗಿ ತೆಗೀರಿ.

— ಸೇರಿಸ್ಕೊಂಡ್ರೆ ಅಪರಾಧ.

— ತೆಗೆಯೋಕೋಸ್ಕರ ಸೇರಿಸ್ಕೊಂಡ್ರೂನಾ?

ಯಜಮಾನ ತನಗೆ ತಿಳಿದಷ್ಟು ಕಾನೂನನ್ನು ಬಿಡಿಸಿ ಹೇಳಿದ. ಮನೆಯಲ್ಲಿ ಮಗಳ ರವಿಕೆಗೆ ಗುಂಡಿ ಹಾಕಿದರೆ ಅದು ಪ್ರೀತಿ, ಅಂಗಡಿಯಲ್ಲಿ ಗಿರಾಕಿಯ ಅಂಗಿಗೆ ಹಾಕಿದರೆ ಕೆಲಸ. ಮಾವನವರು ತಲೆದೂಗಿ, ಕೈ ಹಚ್ಚದೆ ಪಕ್ಕದಲ್ಲಿ ಕೂತು ಸಲಹೆ ಕೊಡಬಹುದೇ ಎಂದು ಕೇಳಿದರು. ಅದೂ ಕೆಲಸವೇ ಇರಬೇಕು ಎಂದ ಯಜಮಾನ.

— ಸಲಹೆ ಕೊಡೋದೂ ಕೆಲಸ ಅಂದ್ರೆ, ಅಪ್ಪ ನಮ್ಮ ಮದುವೆ ದಿನದಿಂದ ಡ್ಯೂಟಿ ಮೇಲಿದಾರೆ, ಎಂದಳು ಪರದೆಯ ಹಿಂದಿನಿಂದ ಹೆಂಡತಿ.

— ಅಲ್ಲ, ನನ್ನ ಕೆಲಸದಲ್ಲಿ ಕಂಡ ತಪ್ಪಾದ್ರೂ ಏನು?

— ತಪ್ಪಿಲ್ಲದ್ದೇ ತಪ್ಪಾಗಿದೆ ಮಾವ. ಸೊಟ್ಟಪಟ್ಟ ಹೊಲಿದಿದ್ರೆ ಅದನ್ನ ಕೆಲಸ ಅಂತ ಯಾರೂ ಅಂತಿರಲಿಲ್ಲ.

— ಹಂಗಿದ್ರೆ ನಿಮಗೇನೂ ಭಯ ಇಲ್ಲ ಬಿಡಿ.

ಇಷ್ಟು ಹೇಳಿ ಮಾವನವರು ಎದ್ದರು. ಇನ್ಸ್‌ಪೆಕ್ಟರಮ್ಮನಿಗೆ ಹಾಕಿದ್ದ ಸ್ಟೂಲಿನ ಮೇಲೆ ಕೂತು, ಕೈಗಳು ತಾವಾಗಿ ಎಲ್ಲಿಗಾದರೂ ಹೋದಾವೆಂದು ಎರಡನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡರು.

ಒಂದು ತೋಳಿನ ಕೋಟು ಯಂತ್ರದ ಮೇಲೆ ಉಳಿಯಿತು. ಅದರ ಗಿರಾಕಿ ಸಂಜೆ ಬರುವವನಿದ್ದ. ಮಾವನವರು ಬಂದಾಗಿನಿಂದ ಯಜಮಾನ, ಟೇಪನ್ನು ಕೊರಳಿಗೆ ಹಾಕಿಕೊಂಡು ಗಿರಾಕಿಗಳೊಡನೆ ಹರಟುವುದನ್ನೇ ಹೊಲಿಗೆ ಎಂದುಕೊಂಡಿದ್ದ. ಈಗ ಯಂತ್ರದ ಮುಂದೆ ಕೂತರೆ ಕಾಲಿಗೆ ಪೆಡಲ್ ದೂರ, ಕಣ್ಣಿಗೆ ಸೂಜಿ ಇನ್ನೂ ದೂರ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿದ. ದಾರ ಸೂಜಿಯ ಆ ಪಕ್ಕ ಹೋಯಿತು. ಮತ್ತೆ ಚೂಪು ಮಾಡಿದ. ಈ ಪಕ್ಕ ಹೋಯಿತು. ಮಾವನವರು ಕೆಮ್ಮಿದರು.

— ಏನು ಮಾವ?

— ಏನಿಲ್ಲ. ಕೆಮ್ಮು. ಅದಕ್ಕೂ ವೀಸಾ ಬೇಕಾ?

ಬೀದಿಯಲ್ಲಿ ದೀಪ ಹತ್ತುವ ಹೊತ್ತಿಗೆ ಇನ್ಸ್‌ಪೆಕ್ಟರಮ್ಮ ಒಳಗೆ ಬಂದರು. ಪರದೆಯ ಸಂದಿಯಲ್ಲಿ ಹೆಂಡತಿಯ ಒಂದು ಕಣ್ಣು ಕಾಣಿಸಿಕೊಂಡಿತು. ಇನ್ಸ್‌ಪೆಕ್ಟರಮ್ಮ ಮಾವನವರನ್ನು ನೋಡಿದರು: ಕೈಗಳ ಮೇಲೆ ಕೂತ ಮನುಷ್ಯ, ಸುತ್ತ ಒಂದು ಸೂಜಿಯೂ ಇಲ್ಲ. ಯಜಮಾನನನ್ನು ನೋಡಿದರು: ತುಟಿಯಲ್ಲಿ ದಾರ, ಮೂಗಿನ ತುದಿಯಲ್ಲಿ ಮಾವನದೇ ಕನ್ನಡಕ. ಒಂದು ತೋಳಿನ ಕೋಟನ್ನೂ ನೋಡಿದರು.

— ಹಾಗಾದ್ರೆ ಈ ಅಂಗಡೀಲಿ ಕೆಲಸ ಮಾಡೋರು ಯಾರು?

ತುಟಿಯಲ್ಲಿ ದಾರವಿದ್ದದ್ದರಿಂದ ಯಜಮಾನನಿಗೆ ಬಾಯಿ ಬಿಡಲಾಗಲಿಲ್ಲ. ಮಾವನವರೇ ಹೇಳಿದರು:

— ಸದ್ಯಕ್ಕೆ ಯಾರೂ ಇಲ್ಲ ತಾಯಿ. ನಾನು ನಿಲ್ಲಿಸಿದೀನಿ. ಇವರಿನ್ನೂ ಶುರು ಮಾಡಿಲ್ಲ.