ನೋಟು ಸುಟ್ಟರೆ ಚಿನ್ನ

ಮಾವನಿಗೆ ಓದು ಬರಹ ಬರದಿದ್ದರೆ ಪರವಾಗಿಲ್ಲ. ಅರ್ಧ ಮಾತು ಕೇಳಿ ಕೆಲಸಕ್ಕಿಳಿಯುವ ಮಾವ ಮಾತ್ರ ಯಾರಿಗೂ ಸಿಗಬಾರದು ನೋಡಿ.

ಚಿನ್ನದ ಗಣಿಯ ಉರಿಗಾಂ ಲೈನಿನ ಕದಿರಪ್ಪ ಬೌರಿಂಗ್‌ಪೇಟೆ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತ. ಊರಿಗೆ ಮರಳುವ ಬಿಳಿ ದೊರೆಗಳ ಪೆಟ್ಟಿಗೆ ಹತ್ತಿಸಿ, ಇನಾಮಿನ ಬದಲು ಅವರ ದೇಶದ ಹಳೇ ನೋಟು ಕೇಳುತ್ತಿದ್ದ. ಅದೂ ಎಂಥ ನೋಟು? ತಂದವರಿಗೆ ಬ್ಯಾಂಕು ಚಿನ್ನ ಕೊಡಬೇಕೆಂದು ಅಚ್ಚಾದ ನೋಟು. ಏಳು ವರ್ಷಕ್ಕೆ ನಾಲ್ಕು ಸೇರಿದ್ದವು. ನಾಲ್ಕನೆಯದು ಅಮೆರಿಕದ್ದು, ಹಿಂಬದಿಯೆಲ್ಲ ಅರಿಶಿನದ ಬಣ್ಣ. ಅದನ್ನು ಹೆಂಡತಿ ಮಂಗಮ್ಮನಿಗೂ ಮುಟ್ಟಲು ಕೊಡುತ್ತಿರಲಿಲ್ಲ, ಪುಣ್ಯಾತ್ಮ.

ಭಾನುವಾರ ಬೆಳಗ್ಗೆ, ಅದಿರು ಅರೆಯುವ ಮಿಲ್ಲಿನಲ್ಲಿ ದುಡಿಯುವ ಮಾವ ಮುನಿಸ್ವಾಮಪ್ಪ ಆ ನೋಟು ತೋರಿಸಿ ಕೇಳಿದ, "ಅಂತಾದ್ದೇನೈತೆ ಅಳೀಮಯ್ಯ ಇದ್ರಾಗೆ?"

"ಚಿನ್ನದ ನೋಟು ಮಾವ ಇದು," ಎಂದು ಹೆಮ್ಮೆಯಿಂದ ಹೇಳಿ, ಅದನ್ನು ಅಲ್ಲೇ ಬಿಟ್ಟು ಕದಿರಪ್ಪ ಸ್ನಾನಕ್ಕೆ ಹೋದ.

ಹಳೇ ಜರಿ ಸೀರೆ ಸುಟ್ಟು ಬೆಳ್ಳಿ ತೆಗೆಯುವುದನ್ನು ಮಾವ ಎಷ್ಟು ಸಲ ಕಂಡಿಲ್ಲ? ಕದಿರಪ್ಪ ಮೈ ಒರೆಸಿಕೊಂಡು ಹಿತ್ತಿಲಿಗೆ ಬಂದಾಗ, ಕೆಂಡದ ಮೇಲಿನ ಮೂಸೆಯಲ್ಲಿ ಅಮೆರಿಕ ಬೂದಿಯಾಗಿತ್ತು.

ಕದಿರಪ್ಪನಿಗೆ ಅಳುವೇ ಬಂತು. ಆದರೆ ಬೂದಿಯ ನಡುವೆ ರಾಗಿಕಾಳಿನಷ್ಟು ಚಿನ್ನ ಮಿನುಗುತ್ತಿತ್ತು. ಅದೆಲ್ಲಿಂದ ಬಂತೆಂದು ಅಳಿಯನಿಗೂ ಗೊತ್ತು, ಮಾವನಿಗೂ ಗೊತ್ತು. ಮಾವ ಮಿಲ್ಲಿನ ಚೂರುಪಾರು ಚಿನ್ನವನ್ನು ಜುಟ್ಟಿನೊಳಗೆ ಬಚ್ಚಿಟ್ಟು ತಂದು, ಅದೇ ಮೂಸೆಯಲ್ಲಿ ಕರಗಿಸುತ್ತಿದ್ದ. ಒಂದು ಕಾಳು ತಳದಲ್ಲೇ ಉಳಿದಿತ್ತು.

ಅಷ್ಟರಲ್ಲಿ ಹೊಗೆ ನೋಡಿ ಗಣಿ ಕಾವಲಿನ ದಫೇದಾರ ಆರುಮುಗಂ ಒಳಗೆ ನುಗ್ಗಿದ. "ಯಾರ್ದು ಈ ತಂಗಂ? ನಡೀರಿ ಇಬ್ರೂ ಜೈಲ್‌ಗೆ."

ಮಾವ ಅಳಿಯನ ಮುಖ ನೋಡಿದ. ಕದಿರಪ್ಪ ಎದೆಯುಬ್ಬಿಸಿ ಹೇಳಿದ, "ಇದು ಕಳ್ಳಮಾಲಲ್ಲ ಸಾರ್. ಚಿನ್ನದ ನೋಟು ಸುಟ್ರೆ ಬಂದಿದ್ದು."

"ಅಂಗಾ? ಇನ್ನೊಂದು ಸುಡು, ನೋಡ್ತೀನಿ."

ಕದಿರಪ್ಪ ಇನ್ನೊಂದು ನೋಟು ತಂದು ಕಣ್ಣುಮುಚ್ಚಿ ಮೂಸೆಗೆ ಹಾಕಿದ. ಮಾವ ತಿದಿ ಒತ್ತುತ್ತಾ ಬಗ್ಗಿ ಜುಟ್ಟು ಕೆರೆದುಕೊಂಡ. ಬೂದಿಯಲ್ಲಿ ಚಿನ್ನ ಬಂತು. ದಫೇದಾರ ಅದನ್ನು ಜೇಬಿಗಿಳಿಸಿ, "ಇನ್ನೆಷ್ಟೈತೆ?" ಎಂದ. ಉಳಿದೆರಡೂ ಹಾಗೇ ಹೋದವು. ಮಾವನ ಜುಟ್ಟು ಬರಿದಾಯಿತು. ಏಳು ವರ್ಷ ಜತನ ಮಾಡಿದ್ದು ಒಂದು ಹಿಡಿ ಬೂದಿಯೂ ಆಗಲಿಲ್ಲ. ಜೈಲು ತಪ್ಪಿತಲ್ಲ ಎಂದು ಕದಿರಪ್ಪ ಉಸಿರು ಬಿಟ್ಟ.

ದಫೇದಾರ ಹೋಗಲಿಲ್ಲ. ತಲೆಯ ರುಮಾಲು ಬಿಚ್ಚಿ ಒಂದು ನೋಟು ತೆಗೆದ. ಅಮೆರಿಕದ್ದೇ, ಅದೇ ಅರಿಶಿನದ ಬಣ್ಣ. "ನಮ್ ದೊರೆ ಕೊಟ್ಟಿದ್ದು. ಇದ್ನೂ ಆಕು."

ಕದಿರಪ್ಪ ಅದನ್ನು ಎದೆಗೊತ್ತಿಕೊಂಡ. "ಸಾರ್, ಇದು ಬ್ಯಾಡ. ನಂಗೇ ಮಾರಿಬಿಡಿ. ಎರಡು ತಿಂಗಳ ಸಂಬಳ ಕೊಡ್ತೀನಿ."

"ಚಿನ್ನಾನೇ ಬರೋವಾಗ ನಿನ್ ಸಂಬಳ ಯಾಕೆ? ಬರ್ದಿದ್ರೆ ಜೈಲ್ ಐತೆ, ಆಕು."

ಹಾಕಿದ. ಮಾವ ಜುಟ್ಟು ಬಿಚ್ಚಿ ಕೊಡವಿದ, ಒಂದು ಹೇನೂ ಬೀಳಲಿಲ್ಲ. ಆಗ ಮಂಗಮ್ಮ ಕೊಳವೆ ಹಿಡಿದು ಬಂದು, ಬೆಂಕಿ ಊದುವವಳಂತೆ ಮೂಸೆಯ ಮೇಲೆ ಬಾಗಿದಳು. ಎದ್ದಾಗ ಅವಳ ಮೂಗಿನಲ್ಲಿ ಮೂಗುಬೊಟ್ಟು ಇರಲಿಲ್ಲ.

ಕಡಲೆಕಾಳಿನಷ್ಟು ಚಿನ್ನ ಬಂತು. ದಫೇದಾರನ ಮುಖ ಅರಳಿತು. "ನಿಮ್ ನೋಟ್‌ಗಿಂತ ನಂದೇ ವಾಸಿ. ನಮ್ ಬಟ್ಲರ್ ಅತ್ರ ಇನ್ನೆರಡೈತೆ. ಸಾಯಂಕಾಲ ತತ್ತೀನಿ."

ಮಂಗಮ್ಮ ಎರಡೂ ಕೈಯಲ್ಲಿ ಕಿವಿಯೋಲೆ ಮುಚ್ಚಿಕೊಂಡು ಒಳಗೋಡಿದಳು.