ಕರೆಂಟ್ ಒಬ್ಬರದು, ಗ್ಯಾಸ್ ಇನ್ನೊಬ್ಬರದು

ನಮ್ಮ ಚಿಕ್ಕಮ್ಮನ ಮುಂದೆ ದೇವರೇ ಪ್ರತ್ಯಕ್ಷನಾಗಿ ಒಟ್ಟಿಗೆ ಎರಡು ವರ ಕೊಡುತ್ತೇನೆ ಅಂದರೂ, "ಒಂದು ಸಾಕಪ್ಪ, ಇನ್ನೊಂದು ಬೇರೆ ದೇವರ ಹತ್ರ ಕೇಳ್ಕೋತೀನಿ" ಅನ್ನುವ ಪೈಕಿ ಅವರು. ಹಾಗೆಂದು ಯಾವ ದೇವರ ಮೇಲೂ ಅವರಿಗೆ ಅಪನಂಬಿಕೆ ಇಲ್ಲ. ಎರಡನ್ನೂ ಒಬ್ಬರ ಕೈಯಲ್ಲಿ ಬಿಡಬಾರದು, ಅಷ್ಟೇ!

ಚಿಕ್ಕಮ್ಮ ಅಂದರೆ ನನ್ನ ಅಮ್ಮನ ತಂಗಿ. ಸ್ವೀಡನ್ನಿನ ಮಾಲ್ಮೊದಲ್ಲಿ ಒಬ್ಬರೇ ಇದ್ದಾರೆ. ಚಿಕ್ಕಪ್ಪ ಇಲ್ಲಿ ಹಠಾತ್ತಾಗಿ ತೀರಿಕೊಂಡಾಗ ನಾನು ಬೆಂಗಳೂರಿನಲ್ಲಿ ಎರಡನೇ ಕ್ಲಾಸು. ವಾಪಸ್ ಬಂದುಬಿಡು ಎಂದು ಮನೆಯವರೆಲ್ಲ ಕರೆದರೂ ಬರದೆ, ಇಲ್ಲಿಯದೇ ಒಂದು ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಕೆಲಸ ಹಿಡಿದು ಉಳಿದುಬಿಟ್ಟರು. ನಾಲ್ಕು ವರ್ಷದ ಹಿಂದೆ ನನಗೂ ಇದೇ ಊರಿನಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ ಅಮ್ಮ ಹೇಳಿದ ಬುದ್ಧಿಮಾತು ಒಂದೇ: ಅವಳ ಜೊತೆ ಎಲ್ಲಿಗೆ ಬೇಕಾದರೂ ಹೋಗು, ಅಂಗಡಿಗೆ ಮಾತ್ರ ಹೋಗಬೇಡ.

ನಾನು ಕೇಳಲಿಲ್ಲ, ಹೋದೆ. ಹಾಲು ಕೊಂಡ ಅಂಗಡಿಯಲ್ಲಿ ಚಿಕ್ಕಮ್ಮ ಮೊಸರು ಕೊಳ್ಳುವುದಿಲ್ಲ. ಅಕ್ಕಿ ಇರಾಕಿನವನ ಅಂಗಡಿಯದು, ಬೇಳೆ ಮೂರು ಸ್ಟಾಪ್ ಆಚೆಯ ಅಫ್ಘಾನಿಯದು. ಇಬ್ಬರ ಹತ್ತಿರವೂ ಅಕ್ಕಿ ಬೇಳೆ ಎರಡೂ ಇವೆ ಎಂದು ಬೇರೆ ಹೇಳಬೇಕೇ? ಕನ್ನಡಕದ ಫ್ರೇಮನ್ನು ಒಬ್ಬನ ಹತ್ತಿರ ಕೊಂಡು, ಗಾಜು ಹಾಕಿಸಲು ಎದುರಿನ ಅಂಗಡಿಗೇ ಹೋಗಿ ನಿಂತಿದ್ದರು. ಬೆಂಗಳೂರಿಗೆ ಹೋಗುವುದು ಒಂದು ವಿಮಾನ ಕಂಪನಿಯಲ್ಲಿ, ಬರುವುದು ಇನ್ನೊಂದರಲ್ಲಿ. ಕರೆದುಕೊಂಡು ಹೋದವನೇ ವಾಪಸ್ ಕರೆತರುತ್ತಾನೆ ಅಂತ ಯಾವ ಗ್ಯಾರಂಟಿ ಎಂದು ನನ್ನನ್ನೇ ಕೇಳಿದರು.

ಈ ದೇಶದಲ್ಲಿ ಕರೆಂಟಿಗೆ ಎರಡು ಬಿಲ್ ಬರುತ್ತವೆ. ತಂತಿ ಎಳೆದವರದು ಒಂದು, ತಂತಿಯೊಳಗೆ ಹರಿಯುವುದನ್ನು ಮಾರುವವರದು ಇನ್ನೊಂದು. ಹೊಸದಾಗಿ ಬಂದವರೆಲ್ಲ ಇದನ್ನು ನೋಡಿ ತಲೆ ಚಚ್ಚಿಕೊಂಡರೆ, ಚಿಕ್ಕಮ್ಮನಿಗೆ ಸ್ವೀಡನ್ನಿನವರ ಮೇಲೆ ಗೌರವ ಹುಟ್ಟಿದ್ದೇ ಆ ಬಿಲ್‌ಗಳಿಂದಂತೆ! ಅವರ ಕಟ್ಟಡ ಹಳೆಯದಾದ್ದರಿಂದ ಅಡಿಗೆಮನೆಗೆ ಪೈಪಿನಲ್ಲಿ ಗ್ಯಾಸೂ ಬರುತ್ತದೆ. ಅದು ಮೂರನೆಯ ಕಂಪನಿ. ಹೀಗೆ ಮೂರು ಲಕೋಟೆ ಬಂದು ಬೀಳುವ ತಿಂಗಳ ಕೊನೆ ಅವರಿಗೆ ಹಬ್ಬದ ಹಾಗಿರುತ್ತಿತ್ತು.

ಹೋದ ವರ್ಷದ ಕೊನೆಯಲ್ಲಿ ಅವರ ಕರೆಂಟಿನ ಕರಾರು ಮುಗಿಯಿತು. ಅದೇ ಸಮಯಕ್ಕೆ ಒಂದು ಕಂಪನಿಯವನು ಫೋನ್ ಮಾಡಿ, ಕರೆಂಟು ಗ್ಯಾಸು ಎರಡನ್ನೂ ನಮ್ಮಲ್ಲೇ ತೆಗೆದುಕೊಳ್ಳಿ, ಬಿಲ್ ಒಂದೇ, ರಿಯಾಯಿತಿ ಬೇರೆ ಎಂದ. ಚಿಕ್ಕಮ್ಮ ಡಾಗಿಸ್ ಮಕ್ಕಳನ್ನು ವಿಚಾರಿಸುವ ದನಿಯಲ್ಲಿ, ಗ್ಯಾಸಿನ ವಿಷಯದಲ್ಲಿ ನನಗೂ ನಿಮಗೂ ಜಗಳವಾದರೆ ಕರೆಂಟು ಕೀಳುತ್ತೀರಾ ಎಂದು ಕೇಳಿದರು. ನಾವು ಗ್ರಾಹಕರ ಜೊತೆ ಜಗಳವಾಡುವುದಿಲ್ಲ ಎಂದ ಅವನು. ಎಲ್ಲರೂ ಮೊದಲು ಹಾಗೇ ಹೇಳುವುದು ಎಂದರು ಇವರು. ಮುಕ್ಕಾಲು ಗಂಟೆಯ ಮೇಲೆ, ಮೇಲಿನವರನ್ನು ಕೇಳಿ ಮತ್ತೆ ಫೋನ್ ಮಾಡುತ್ತೇನೆ ಅಂದವನು ಮಾಡಲೇ ಇಲ್ಲ. ಆ ಕೆಲಸವನ್ನೇ ಬಿಟ್ಟನೋ ಏನೋ, ಪಾಪ! ಅವನ ಕಂಪನಿಯ ಕಾಗದ ಮಾತ್ರ ಬಂತು.

ಚಿಕ್ಕಮ್ಮ ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಯೋಚಿಸತೊಡಗಿದರು. ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು. ಅಲ್ಲಿಯವರೆಗೆ ಹಳೆಯ ಕಂಪನಿಯದೇ ಕರೆಂಟು, ದುಬಾರಿ ದರಕ್ಕೆ. ಅಷ್ಟರಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಂದು ಅಕ್ಷರ ಮಸುಕಾಗಿತ್ತು. ಹೀಗಾಗಿ ಕಂಪನಿಗಳಿಂದ ಬರುವ ಜ್ಞಾಪನೆಯ ಕಾಗದಗಳನ್ನೆಲ್ಲ ಓದಿ ಹೇಳುವ ಕರ್ಮ ನನ್ನದು. ಫೋನಿನ ಗುಟ್ಟಿನ ನಂಬರು, ಈ ದೇಶದಲ್ಲಿ ಸಹಿಯ ಬದಲು ಒತ್ತುವ ಬ್ಯಾಂಕ್‌ಐಡಿಯ ನಂಬರು, ಎರಡನ್ನೂ ನನಗೇ ಹೇಳಿದ್ದರು. ಯಾರಿಗೂ ಕೊಡಬೇಡಿ ಎಂದು ಬ್ಯಾಂಕಿನವರು ಬಡಕೊಳ್ಳುತ್ತಾರೆ ನಿಜ. ಆದರೆ ನಮ್ಮಲ್ಲಿ ಮನೆ ಹುಡುಗಿ 'ಯಾರೋ' ಹೇಗಾಗುತ್ತಾಳೆ?

ಈ ವರ್ಷದ ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಒಂದು ಹಾಲ್‌ನಲ್ಲಿ ಸೇರಿದ್ದೆವು. ಚಿಕ್ಕಮ್ಮನ ಸರದಿ ಬಂದಾಗ ನಾನು ಎಲ್ಲರಿಗೂ ಕೇಳುವ ಹಾಗೆ, "ಅವ್ರಿಗೆ ಬೇವು ಬೆಲ್ಲ ಎರಡೂ ಒಂದೇ ಬಟ್ಟಲಲ್ಲಿ ಕೊಡ್ಬೇಡಿ, ಭಯ ಬೀಳ್ತಾರೆ" ಎಂದೆ. ಹಾಲ್ ಪೂರ್ತಿ ನಕ್ಕಿತು. "ಬೆರೆಸೋದು ನಾನಾದ್ರೆ ಭಯ ಇಲ್ಲಮ್ಮ" ಎಂದ ಚಿಕ್ಕಮ್ಮ, ಎಲ್ಲರೂ ನಕ್ಕು ಮುಗಿಸಿದ ಮೇಲೆ ತಾವೂ ನಕ್ಕರು. ಹಾಗೆ ತಡವಾಗಿ ನಕ್ಕಿದ್ದು ನನ್ನ ಕಣ್ಣಿಗೆ ಬಿತ್ತು. ಆದರೆ ಜನ ನಗುತ್ತಿರುವಾಗ ನಗಿಸುವವರಿಗೆ ನಿಲ್ಲಿಸುವ ಮನಸ್ಸಾಗುತ್ತದೆಯೇ? ಇನ್ನೂ ಎರಡು ಹೇಳಿದೆ, ಕನ್ನಡಕದ್ದು ಮತ್ತು ವಿಮಾನದ್ದು.

ಮುಂದಿನ ಶನಿವಾರ ಚಿಕ್ಕಮ್ಮ ಗೊಜ್ಜಿಗೆಂದು ಒಲೆಯ ಮೇಲೆ ಬದನೆಕಾಯಿ ಸುಡುತ್ತಿದ್ದರು. ನಾನು ಊಟದ ಮೇಜಿನ ಹತ್ತಿರ ಕೂತು ಅವರ ಫೋನ್ ತೆಗೆದೆ. ಎರಡು ನಿಮಿಷದ ಕೆಲಸ. ಕರೆಂಟು, ಗ್ಯಾಸು, ಒಂದೇ ಕಂಪನಿ, ನಂಬರು ಒತ್ತಿದೆ, ಮುಗಿಯಿತು. ಹಿರಿಯರಿಗೆ ಹೇಳುತ್ತ ಕೂತರೆ ಯಾವ ಕೆಲಸವೂ ಆಗುವುದಿಲ್ಲ, ಆದಮೇಲೆ ಅವರೇ ಖುಷಿಪಡುತ್ತಾರೆ ಎಂಬುದು ನಮ್ಮ ವಂಶದ ಎಲ್ಲ ಕಿರಿಯರ ಸಿದ್ಧಾಂತ. ಬಾಯಿ ಚಪ್ಪರಿಸಿಕೊಂಡು ಗೊಜ್ಜು ತಿಂದು ಮನೆಗೆ ಬಂದೆ.

ಒಂಬತ್ತನೆಯ ದಿನ ಚಿಕ್ಕಮ್ಮ ಫೋನ್ ಮಾಡಿ ಬರಹೇಳಿದರು. ಮೇಜಿನ ಮೇಲೆ ಹೊಸ ಕಂಪನಿಯ ಸ್ವಾಗತ ಪತ್ರವಿತ್ತು. ಮೇಲಿನ ಮನೆಯವರ ಕೈಲಿ ಓದಿಸಿದ್ದರಂತೆ. ಬೈಯುತ್ತಾರೆ ಅಂದುಕೊಂಡು ನಾನು ತಮಾಷೆಯ ಮಾತು ಸಿದ್ಧಮಾಡಿಕೊಂಡೇ ಹೋಗಿದ್ದೆ. ಅವರು ಬೈಯಲಿಲ್ಲ.

"ನಿಮ್ಮ ಚಿಕ್ಕಪ್ಪ ಹೋದಾಗ ಎಲ್ಲಾ ಅವರ ಹೆಸರಲ್ಲೇ ಇತ್ತು ಕಣೇ. ಬ್ಯಾಂಕು, ಫೋನು, ಕರೆಂಟು, ಎಲ್ಲಾ. ಬ್ಯಾಂಕ್ ನಿಂತ್ಹೋಯ್ತು, ಅದರ ಹಿಂದೆ ಒಂದೊಂದೇ ನಿಂತ್ಹೋಯ್ತು. ಲೆಟರ್ ಬರ್ತಿತ್ತು, ಆದ್ರೆ ನಂಗಾಗ ಸ್ವೀಡಿಷ್ ಎಲ್ಲಿ ಬರ್ತಿತ್ತು? ಜೋಡಿಸಿ ಇಡ್ತಿದ್ದೆ. ಒಂದಿನ ಕರೆಂಟ್ ತೆಗೆದ್ರು. ಗ್ಯಾಸ್ ಒಂದು ಬೇರೆ ಕಂಪನಿದು. ಅದರ ಫಾರಂ ಬಂದ ದಿನ ಅವರು ಊರಲ್ಲಿರ್ಲಿಲ್ಲ, ನಾನು ಸೈನ್ ಮಾಡಿದ್ದೆ, ನಾನೇ ಪೋಸ್ಟಾಫೀಸಲ್ಲಿ ಕಟ್ತಿದ್ದೆ. ಅದೊಂದು ಉಳೀತು. ಜನವರಿ ತಿಂಗಳು, ನಾಲ್ಕು ಗಂಟೆಗೆಲ್ಲ ಕತ್ತಲು. ನಾಲ್ಕು ದಿನ ಸ್ಟೌ ಹಚ್ಕೊಂಡು ಅದರ ಬೆಳಕಲ್ಲೇ ಕೂತಿದ್ದೆ."

ಸಿದ್ಧಮಾಡಿಕೊಂಡು ಹೋದ ತಮಾಷೆ ಹಾಗೇ ಉಳಿಯಿತು. ಚಿಕ್ಕಮ್ಮ ಪತ್ರವನ್ನು ಮಡಿಸಿ ನನ್ನ ಕಡೆ ಸರಿಸಿ, "ನೀನು ಒಳ್ಳೇದಕ್ಕೇ ಮಾಡಿದ್ದು, ಗೊತ್ತು. ಒಂದು ಮಾತು ಕೇಳ್ಬೋದಿತ್ತು" ಎಂದರು.

ಈ ದೇಶದಲ್ಲಿ ಪಶ್ಚಾತ್ತಾಪಕ್ಕೂ ಒಂದು ಕಾನೂನಿದೆ. ಫೋನಿನಲ್ಲಿ, ಇಂಟರ್ನೆಟ್ಟಿನಲ್ಲಿ ಮಾಡಿಕೊಂಡ ಕರಾರು ಬೇಡವೆನಿಸಿದರೆ ಹದಿನಾಲ್ಕು ದಿನದೊಳಗೆ ಮನಸ್ಸು ಬದಲಿಸಬಹುದು. ಯಾಕೆ ಅಂತ ಯಾರೂ ಕೇಳುವುದಿಲ್ಲ. ನನ್ನ ಕೈಯಲ್ಲಿ ಇನ್ನೂ ಐದು ದಿನವಿತ್ತು. ಅಲ್ಲೇ ಕೂತು, ಪ್ರತಿ ಸಾಲನ್ನೂ ಓದಿ ಹೇಳಿ, ನಂಬರನ್ನು ಅವರ ಕೈಯಿಂದಲೇ ಒತ್ತಿಸಿ ಕರಾರು ರದ್ದು ಮಾಡಿದೆ. ಕಂಪನಿಯವರು ಮಾರನೆಯ ದಿನವೇ ಒಪ್ಪಿಕೊಂಡರು. ಆದರೆ ಯುಗಾದಿಯ ದಿನ ತುಂಬಿದ ಹಾಲ್‌ನಲ್ಲಿ ಆಡಿದ ಮಾತನ್ನು ಯಾವ ಫಾರಂ ತುಂಬಿ ವಾಪಸ್ ತೆಗೆದುಕೊಳ್ಳುವುದು? ನಾಲ್ಕು ವರ್ಷ ಪ್ರತಿ ವಾರ ಅವರ ಮನೆಯಲ್ಲಿ ಉಂಡಿದ್ದೆ, ಯಾಕೆ ಹೀಗೆ ಎಂದು ಒಂದು ಸಲವೂ ಕೇಳಿರಲಿಲ್ಲ. ಕೇಳಿಬಿಟ್ಟರೆ ತಮಾಷೆ ಕೆಟ್ಟುಹೋಗುತ್ತಿತ್ತಲ್ಲ!

ಮುಂದಿನ ವಾರ ಹೋದಾಗ ಅಭ್ಯಾಸಬಲದಿಂದ ಅವರ ಫೋನ್ ಎತ್ತಿಕೊಂಡೆ. ಹಳೆಯ ಗುಟ್ಟಿನ ನಂಬರು ಹಿಡಿಯಲಿಲ್ಲ. ಚಿಕ್ಕಮ್ಮ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಭೂತಕನ್ನಡಿ ಹಿಡಿದು, ಒಂದೊಂದೇ ಅಂಕಿ ಹುಡುಕಿ ಒತ್ತಿದರು. ಅಷ್ಟು ಹೊತ್ತೂ ನಾನು ಬೇರೆ ಕಡೆ ನೋಡುತ್ತ ಕೂತೆ. ಊಟಕ್ಕೆ ಕರೆಯುವುದನ್ನೇನೂ ಅವರು ಬಿಡಲಿಲ್ಲ. ಆದರೆ ಕಾಗದ ಓದಿಸಿಕೊಳ್ಳಲು ಮೇಲಿನ ಮನೆಗೆ ಹೋಗತೊಡಗಿದರು. ಹೊಸ ನಂಬರು ಏನೆಂದು ನಾನು ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ?

ಈ ಅಕ್ಟೋಬರಿನಲ್ಲಿ ಅವರ ಕಣ್ಣಿನ ಆಪರೇಷನ್ ಇತ್ತು. ಜೊತೆಗೆ ಬಾ ಎಂದಾಗಲೇ ನನಗೆ ಅರ್ಧ ಜೀವ ಬಂದಿತ್ತು. ಒಳಗೆ ಕರೆದುಕೊಳ್ಳುವ ಮೊದಲು ನರ್ಸ್ ಒಂದು ಫಾರಂ ಹಿಡಿದು ಬಂದರು. ಏನಾದರೂ ತುರ್ತಾದರೆ ಯಾರಿಗೆ ತಿಳಿಸಬೇಕು, ಇಬ್ಬರ ಹೆಸರು, ಫೋನ್ ನಂಬರು ಬೇಕು ಎಂದರು. ಚಿಕ್ಕಮ್ಮ ಮೊದಲನೆಯದಕ್ಕೆ ನನ್ನ ಹೆಸರು, ಮೊಬೈಲ್ ನಂಬರು ಹೇಳಿದರು. ಎರಡನೆಯದಕ್ಕೆ ಮೇಲಿನ ಮನೆಯವರಿರಬೇಕು ಎಂದುಕೊಂಡೆ. ಎರಡಕ್ಕೂ ಒಬ್ಬರನ್ನೇ ನಂಬುವ ಹೆಂಗಸೇ ಅವರು? ಚಿಕ್ಕಮ್ಮ ಸ್ವಲ್ಪ ಯೋಚಿಸಿ, ಮತ್ತೆ ನನ್ನ ಹೆಸರನ್ನೇ ಹೇಳಿದರು. ಇಬ್ಬರೂ ಒಬ್ಬರೇನಾ ಎಂದು ನರ್ಸ್ ಕೇಳಿದ್ದಕ್ಕೆ ಹೌದು ಎಂದು, ನನ್ನ ಕಡೆ ತಿರುಗಿದರು.

"ನಿನ್ನ ಆಫೀಸ್ ಫೋನ್ ನಂಬರ್ ಹೇಳೇ. ಅದು ಬೇರೆ ಕಂಪನಿದು ತಾನೆ?"

ಹೂಂ ಅಂದಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ.

"ಇಲ್ಲ ಚಿಕ್ಕಮ್ಮ, ಎರಡು ಫೋನೂ ಒಂದೇ ಕಂಪನಿದು."

ಚಿಕ್ಕಮ್ಮ ಪೊರೆ ಬಂದ ಕಣ್ಣಿನಿಂದ ನನ್ನ ಮುಖವನ್ನು ಹುಡುಕುವವರ ಹಾಗೆ ನೋಡಿದರು.

"ಇರ್ಲಿ ಬಿಡು, ಹೇಳು" ಎಂದರು. ನಾನು ಹೇಳಿದ ಒಂದೊಂದೇ ಅಂಕಿಯನ್ನು ಸ್ವೀಡಿಷಿನಲ್ಲಿ ನಿಧಾನವಾಗಿ ಹೇಳಿ ಬರೆಸಿದರು.